ಒಂದೇ ಚಳಿ, ಬೇರೆ ಬೇರೆ ವಯಸ್ಸಿನ ಮೈ

ಚಳಿಯಾಗುತ್ತಿದೆ ಎಂದು ಅನ್ನಿಸುವುದು ಬೇರೆ, ಮೈ ನಿಜವಾಗಿ ತಣ್ಣಗಾಗುವುದು ಬೇರೆ. ಗಟ್ಟಿಮುಟ್ಟಾದ ಮೂವತ್ತರ ದೇಹದಲ್ಲಿ ಇವೆರಡೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಚಳಿ ತಾಗಿದ ಕೂಡಲೇ ಗೊತ್ತಾಗುತ್ತದೆ, ಎದ್ದು ಹೋಗಿ ಸ್ವೆಟರ್ ಹಾಕಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಹಸುಗೂಸಿಗೆ ಹಾಗಲ್ಲ, ಅದಕ್ಕೆ ಹೇಳಲು ಬಾಯಿಲ್ಲ. ಹಿಮದಲ್ಲಿ ಆಡುತ್ತಿರುವ ಮಗುವಿಗೆ ಮೈಮೇಲೆ ಗಮನವಿಲ್ಲ. ಎಂಬತ್ತು ದಾಟಿದವರಿಗೆ ಎಷ್ಟೋ ಸಲ ಚಳಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಆದರೂ ಮನೆಯ ಹೀಟರ್ ಎಷ್ಟರಲ್ಲಿರಬೇಕು, ಕಿಟಕಿ ಯಾವಾಗ ಮುಚ್ಚಬೇಕು, ಯಾರು ಹೊರಗೆ ಹೋಗಬಹುದು ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಆ ಮೂವತ್ತು–ನಲವತ್ತರವರೇ. ತಮ್ಮ ಮೈಗೆ ಹಿತವೆನಿಸಿದ್ದನ್ನೇ ಅವರು ಮನೆಮಂದಿಗೆಲ್ಲ ಅಳತೆಗೋಲು ಮಾಡಿಬಿಡುತ್ತಾರೆ. ಚಳಿಗಾಲವನ್ನು ಅರ್ಥಮಾಡಿಕೊಳ್ಳಲು ಮೊದಲು ಈ ಅಳತೆಗೋಲನ್ನು ಬದಿಗಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನುಷ್ಯದೇಹದ ಒಳಭಾಗ, ಅಂದರೆ ಹೃದಯ, ಮಿದುಳು, ಯಕೃತ್ತು ಇರುವಲ್ಲಿ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಇದು 35ಕ್ಕಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಎರಡೇ ಡಿಗ್ರಿಯ ವ್ಯತ್ಯಾಸ! 32ರ ಕೆಳಗೆ ಪ್ರಜ್ಞೆ ಮಸುಕಾಗುತ್ತ ಬರುತ್ತದೆ, ನಡುಕ ನಿಲ್ಲತೊಡಗುತ್ತದೆ. 28ರ ಕೆಳಗೆ ಹೃದಯದ ಲಯವೇ ತಪ್ಪಬಹುದು. ಇಷ್ಟು ಕಿರಿದಾದ ಹಾದಿಯಲ್ಲಿ ದೇಹ ಜೀವನಪೂರ್ತಿ ನಡೆಯಬೇಕು.

ಮೈಬಿಸಿ ನಾಲ್ಕು ರೀತಿಯಲ್ಲಿ ಹೊರಗೆ ಹೋಗುತ್ತದೆ. ಸುತ್ತಲಿನ ತಣ್ಣನೆಯ ಗೋಡೆ, ಗಾಜುಗಳ ಕಡೆಗೆ ವಿಕಿರಣವಾಗಿ ಹೋಗುವುದು ಒಂದು. ತಣ್ಣನೆಯ ನೆಲ, ಕಬ್ಬಿಣದ ಬೆಂಚು ಮುಟ್ಟಿದಾಗ ನೇರವಾಗಿ ಹರಿದುಹೋಗುವುದು ಇನ್ನೊಂದು. ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳುಪದರವನ್ನು ಬೀಸುಗಾಳಿ ಎತ್ತಿಕೊಂಡು ಹೋಗುವುದು ಮೂರನೆಯದು. ಒದ್ದೆ ಚರ್ಮದಿಂದ ನೀರು ಆವಿಯಾಗುವಾಗ ಜೊತೆಗೆ ಬಿಸಿಯನ್ನೂ ಒಯ್ಯುವುದು ನಾಲ್ಕನೆಯದು. ಇವುಗಳಲ್ಲಿ ಜನ ಹಗುರವಾಗಿ ಪರಿಗಣಿಸುವುದು ಗಾಳಿಯನ್ನು ಮತ್ತು ಒದ್ದೆಯನ್ನು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿಯನ್ನು ಸಾಗಿಸುತ್ತದೆ. ಗಾಳಿಯ ಪರಿಣಾಮವನ್ನು ಅಂಟಾರ್ಕ್ಟಿಕದಲ್ಲಿ ಅಳೆದು ನೋಡಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಪ್ಲಾಸ್ಟಿಕ್ ಕೊಳವೆಯೊಳಗಿನ ನೀರು ಬೇರೆ ಬೇರೆ ಗಾಳಿಯಲ್ಲಿ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡಿ ಅವರು ಬರೆದ ಲೆಕ್ಕ 1945ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾ 2001ರಲ್ಲಿ ಅದನ್ನು ಮನುಷ್ಯರ ಮುಖದ ಮೇಲೆ ಪರೀಕ್ಷಿಸಿ ತಿದ್ದಿಕೊಂಡವು. ಅದರಂತೆ ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 28ರಷ್ಟು ಚಳಿ. ಅರ್ಧ ಗಂಟೆಯಲ್ಲಿ ಚರ್ಮ ಹೆಪ್ಪುಗಟ್ಟಬಹುದು.

ಈ ನಷ್ಟವನ್ನು ತಡೆಯಲು ದೇಹಕ್ಕೆ ಕೆಲವೇ ಉಪಾಯಗಳಿವೆ. ಚರ್ಮದ, ಕೈಕಾಲುಗಳ ರಕ್ತನಾಳಗಳನ್ನು ಬಿಗಿದು ಬಿಸಿರಕ್ತವನ್ನು ಒಳಗೇ ಉಳಿಸಿಕೊಳ್ಳುವುದು. ಸ್ನಾಯುಗಳನ್ನು ಗಡಗಡ ನಡುಗಿಸಿ ಬಿಸಿ ಹುಟ್ಟಿಸುವುದು. ಒಂದು ವಿಶೇಷ ಬಗೆಯ ಕೊಬ್ಬನ್ನು ಉರಿಸುವುದು. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಎದ್ದು ಬೆಚ್ಚಗಿರುವ ಕಡೆ ಹೋಗುವುದು. ಈ ನಾಲ್ಕೂ ಒಟ್ಟಿಗೆ ಚೆನ್ನಾಗಿ ಕೆಲಸ ಮಾಡುವ ಕಾಲ ಜೀವನದ ನಡುಭಾಗದಲ್ಲಿ ಮಾತ್ರ. ಅದರ ಆಚೆ ಈಚೆ ಯಾವುದೋ ಒಂದು ಇರುವುದಿಲ್ಲ, ಇದ್ದರೂ ಅರ್ಧಂಬರ್ಧ.

ಹಸುಗೂಸು: ನಡುಗಲು ಬಾರದ ಮೈ

ಒಂದು ಲೋಟ ಬಿಸಿನೀರು, ಒಂದು ಹಂಡೆ ಬಿಸಿನೀರು ಪಕ್ಕಪಕ್ಕದಲ್ಲಿಟ್ಟರೆ ಲೋಟದ್ದು ಬೇಗ ಆರುತ್ತದೆ. ನವಜಾತ ಶಿಶುವಿನ ಕಷ್ಟ ಇದೇ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡು–ಮೂರು ಪಟ್ಟು ಹೆಚ್ಚು. ಚರ್ಮದಡಿಯ ಕೊಬ್ಬು ತೆಳು. ಜೊತೆಗೆ ಅದು ಹುಟ್ಟುವುದೇ ಒದ್ದೆಯಾಗಿ. 23 ಡಿಗ್ರಿಯ ಕೋಣೆ ನಮಗೆ ಹಿತ. ಆದರೆ ಆಗತಾನೇ ಹುಟ್ಟಿದ ಬೆತ್ತಲೆ ಮಗು ಅದೇ ಕೋಣೆಯಲ್ಲಿ, ಸೊನ್ನೆ ಡಿಗ್ರಿಯಲ್ಲಿ ಬಟ್ಟೆಯಿಲ್ಲದೆ ನಿಂತ ದೊಡ್ಡವರಷ್ಟೇ ಬಿಸಿಯನ್ನು ಕಳೆದುಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಈ ಒಂದು ಮಾತು ತಲೆಯಲ್ಲಿ ಕೂತರೆ ಸಾಕು, ಹೆರಿಗೆ ಕೋಣೆಯನ್ನು ಏಕೆ 25ರಿಂದ 28 ಡಿಗ್ರಿಯಲ್ಲಿಡಬೇಕು, ಮಗುವನ್ನು ಏಕೆ ಮೊದಲ ಕ್ಷಣದಲ್ಲೇ ಒರೆಸಬೇಕು, ಸ್ನಾನವನ್ನು ಏಕೆ 24 ಗಂಟೆಯಾದರೂ ಮುಂದೂಡಬೇಕು ಎಂಬುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಸುಗೂಸಿಗೆ ನಮ್ಮಂತೆ ನಡುಗಲು ಬರುವುದಿಲ್ಲ. ಅದರ ಬದಲು ಪ್ರಕೃತಿ ಅದಕ್ಕೆ ಕಂದು ಕೊಬ್ಬನ್ನು ಕೊಟ್ಟಿದೆ. ಭುಜದ ಹಲಗೆಗಳ ನಡುವೆ, ಕತ್ತಿನ ಸುತ್ತ, ಮೂತ್ರಪಿಂಡಗಳ ಬಳಿ ಇದು ಕೂಡಿಕೊಂಡಿರುತ್ತದೆ. ಮಾಮೂಲಿ ಬಿಳಿ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ, ಕಂದು ಕೊಬ್ಬು ಅದನ್ನು ಉರಿಸುತ್ತದೆ. ಅದರ ಜೀವಕೋಶಗಳಲ್ಲಿ, ಶಕ್ತಿ ತಯಾರಿಸುವ ಪುಟ್ಟ ಘಟಕಗಳಾದ ಮೈಟೋಕಾಂಡ್ರಿಯಾ ಕಿಕ್ಕಿರಿದಿರುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶದಿಂದಲೇ ಆ ಕಂದು ಬಣ್ಣ. ಬೇರೆ ಕೋಶಗಳಲ್ಲಿ ಮೈಟೋಕಾಂಡ್ರಿಯಾದ ಪೊರೆಯಾಚೆ ತಳ್ಳಿದ ಪ್ರೋಟಾನುಗಳು ಹಿಂದಿರುಗುವಾಗ ಕೋಶದ ಕೆಲಸಕ್ಕೆ ಇಂಧನವಾಗುವ ಎಟಿಪಿ ಎಂಬ ವಸ್ತು ತಯಾರಾಗುತ್ತದೆ. ಕಂದು ಕೊಬ್ಬಿನಲ್ಲಿ ಯುಸಿಪಿ1 ಎಂಬ ಪ್ರೋಟೀನು ಆ ಪ್ರೋಟಾನುಗಳಿಗೆ ಅಡ್ಡದಾರಿ ತೆರೆದುಕೊಡುತ್ತದೆ. ಎಟಿಪಿ ತಯಾರಾಗುವುದಿಲ್ಲ, ಶಕ್ತಿಯೆಲ್ಲ ನೇರವಾಗಿ ಬಿಸಿಯಾಗುತ್ತದೆ, ಆ ಬಿಸಿಯನ್ನು ರಕ್ತ ಮೈತುಂಬ ಹಂಚುತ್ತದೆ. ಚರ್ಮಕ್ಕೆ ಚಳಿ ತಾಗಿದ್ದೇ ತಡ, ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸಿ ಈ ಒಲೆಯನ್ನು ಹೊತ್ತಿಸುತ್ತವೆ. ಕೈಕಾಲು ಅಲುಗಾಡಿಸದ ಮಗುವೂ ಹೀಗೆ ಮೈ ಕಾಯಿಸಿಕೊಳ್ಳಬಲ್ಲದು.

ಆದರೆ ಇದು ಪುಕ್ಕಟೆಯಲ್ಲ. ಕಂದು ಕೊಬ್ಬು ಉರಿಯಲು ಆಮ್ಲಜನಕ ಬೇಕು, ಸಕ್ಕರೆ ಬೇಕು. ತಣ್ಣಗಾದ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರಾಟಕ್ಕೆ ಕಷ್ಟವಾಗುತ್ತದೆ, ಹಾಲು ಕುಡಿಯುವ ಚೈತನ್ಯ ಕುಂದುತ್ತದೆ; ಹಾಲು ಕುಡಿಯದಿದ್ದರೆ ಇನ್ನಷ್ಟು ತಣ್ಣಗಾಗುತ್ತದೆ. ಈ ಕೊಬ್ಬು ಸೇರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಆದ್ದರಿಂದ ದಿನ ತುಂಬದೆ ಹುಟ್ಟಿದ ಮಗುವಿಗೆ ಆ ರಕ್ಷಣೆಯೂ ತೀರ ಕಡಿಮೆ.

ಇಲ್ಲಿ ತಾಯಿತಂದೆಯರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ತಣ್ಣಗಾಗುತ್ತಿರುವ ಹಸುಗೂಸು ಹಟ ಮಾಡಿ ಅಳುತ್ತಲೇ ಇರುತ್ತದೆ ಎಂದೇನಿಲ್ಲ. ಅದು ಸುಮ್ಮನಾಗುತ್ತದೆ. ಮಂಕಾಗುತ್ತದೆ, ಚೀಪುವುದು ನಿಧಾನವಾಗುತ್ತದೆ. ಕೆಲವು ಮಕ್ಕಳ ಕೆನ್ನೆ ಕೆಂಪೇರಿ ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಪಾಪ, ಚೆನ್ನಾಗಿ ಮಲಗಿದೆ ಎಂದು ಬಿಟ್ಟುಬಿಡುವುದು ಸುಲಭ. ಅಂಗೈ ಅಂಗಾಲು ತಣ್ಣಗಿರುವುದು ಎಳೆಯ ಮಕ್ಕಳಲ್ಲಿ ಸಹಜ, ಅದರಿಂದ ಏನೂ ತಿಳಿಯುವುದಿಲ್ಲ. ಎದೆ, ಹೊಟ್ಟೆ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಅಲ್ಲಿ ತಣ್ಣಗಿದ್ದರೆ ಥರ್ಮಾಮೀಟರ್ ಇಡಬೇಕು. ನವಜಾತ ಶಿಶುವಿಗೆ 36.5ಕ್ಕಿಂತ ಕಡಿಮೆಯೆಂದರೆ ಕಡಿಮೆಯೇ. ದೊಡ್ಡವರ 35ರ ಲೆಕ್ಕ ಅದಕ್ಕೆ ಸಲ್ಲದು.

ಪರಿಹಾರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಮ್ಮನ ಅಥವಾ ಅಪ್ಪನ ಮೈ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದಾಗ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ತಾಯಂದಿರ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಬಡತನದ ಉಪಾಯವೆಂದು ಶುರುವಾದದ್ದು ಇಂದು ಕಾಂಗರೂ ಆರೈಕೆಯೆಂದು ಜಗತ್ತಿನಾದ್ಯಂತ ಹೆಸರಾಗಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ಶಿಫಾರಸು ಮಾಡಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಇದೂ ಒಂದು.

ಭಯಪಟ್ಟು ಅತಿಯಾಗಿ ಹೊದಿಸುವುದೂ ಅಪಾಯವೇ. ಮೈ ಅತಿಯಾಗಿ ಬಿಸಿಯಾಗುವುದಕ್ಕೂ ನಿದ್ದೆಯಲ್ಲಿ ಶಿಶುಗಳು ಹಠಾತ್ತಾಗಿ ಸಾಯುವುದಕ್ಕೂ ಸಂಬಂಧ ಕಂಡುಬಂದಿದೆ. ಮಲಗುವ ಜಾಗದಲ್ಲಿ ಸಡಿಲ ಕಂಬಳಿ, ಮೆತ್ತೆ ಇರಬಾರದು. ಮೈಗೆ ಹೊಂದುವ ಉಡುಪೇ ಸಾಕು. ಮನೆಯೊಳಗೆ ಮಲಗಿರುವಾಗ ತಲೆ ಮುಚ್ಚಬಾರದು, ಏಕೆಂದರೆ ಹೆಚ್ಚಾದ ಬಿಸಿಯನ್ನು ಮಗು ಹೊರಹಾಕುವುದು ಮುಖ್ಯವಾಗಿ ತಲೆಯಿಂದ. ಕಾರಿನ ಸೀಟಿನಲ್ಲಿ ದಪ್ಪ ಕೋಟು ತೊಡಿಸಿ ಬೆಲ್ಟು ಕಟ್ಟಿದರೆ ಅಪಘಾತದಲ್ಲಿ ಕೋಟು ಕುಗ್ಗಿ ಬೆಲ್ಟು ಸಡಿಲವಾಗುತ್ತದೆ. ಮೊದಲು ಬೆಲ್ಟು, ಅದರ ಮೇಲೆ ಹೊದಿಕೆ.

ಓಡಾಡುವ ಮಕ್ಕಳು, ಮಾತು ಕೇಳದ ಹರೆಯ

ನಾಲ್ಕೈದು ವರ್ಷದ ಹೊತ್ತಿಗೆ ಮಗು ಚೆನ್ನಾಗಿಯೇ ನಡುಗಬಲ್ಲದು, ರಕ್ತನಾಳಗಳೂ ಬಿಗಿಯುತ್ತವೆ. ಮೈಯ ಗಾತ್ರ ಮಾತ್ರ ಇನ್ನೂ ಚಿಕ್ಕದು, ಆದ್ದರಿಂದ ಅದೇ ಚಳಿಯಲ್ಲಿ ಪಕ್ಕದಲ್ಲಿ ನಿಂತ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಓಡುತ್ತಿರುವಷ್ಟು ಹೊತ್ತು ತೊಂದರೆಯಿಲ್ಲ, ದುಡಿಯುವ ಸ್ನಾಯುಗಳೇ ಬಿಸಿ ಕೊಡುತ್ತವೆ. ಬೆವರಿ, ಹಿಮದಲ್ಲಿ ಒದ್ದೆಯಾಗಿ, ಆಮೇಲೆ ನಿಂತ ಗಳಿಗೆಯಿಂದ ಲೆಕ್ಕ ತಿರುಗುತ್ತದೆ. ಹತ್ತಿಬಟ್ಟೆ ಒದ್ದೆಯಾದರೆ ಬೆಚ್ಚಗಿಡುವ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ, ಉಣ್ಣೆ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಮೈಗೆ ತಾಗುವ ಪದರ ಬೆವರನ್ನು ಹೊರಗೆ ಸಾಗಿಸಬೇಕು, ನಡುವಿನದು ಗಾಳಿಯನ್ನು ಹಿಡಿದಿಡಬೇಕು, ಹೊರಗಿನದು ಬೀಸುಗಾಳಿಯನ್ನೂ ನೀರನ್ನೂ ತಡೆಯಬೇಕು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು ಎನ್ನುವುದು ಇದಕ್ಕೇ; ಆಟ ಜೋರಾದಾಗ ಒಂದನ್ನು ಬಿಚ್ಚಿ, ನಿಂತಾಗ ಮತ್ತೆ ತೊಡಬಹುದು.

ಚಳಿಯಾಯಿತೇ ಎಂದು ಮಗುವನ್ನು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಆಟ ನಿಲ್ಲಿಸಬೇಕಾಗುತ್ತದಲ್ಲ. ಆದ್ದರಿಂದ ಕೇಳುವುದನ್ನು ಬಿಟ್ಟು ನೋಡಬೇಕು. ಮೂಗು, ಕಿವಿ, ಕೆನ್ನೆಯಲ್ಲಿ ಮೇಣದಂಥ ಬಿಳಿಚು ಅಥವಾ ಬೂದು ಬಣ್ಣದ ಮಚ್ಚೆ ಕಂಡರೆ, ಬೆರಳಿಗೆ ಸ್ಪರ್ಶವೇ ತಿಳಿಯದಿದ್ದರೆ ಅದು ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್‌ನ ಆರಂಭ. ಆಗ ನೋವೂ ಇರುವುದಿಲ್ಲ. ನೋವು ನಿಂತಿತೆಂದು ಮಗು ಖುಷಿಯಾಗಿ ಆಟಕ್ಕೆ ಮರಳುವುದೇ ಇದರ ಕ್ರೂರ ಲಕ್ಷಣ.

ಹದಿಹರೆಯದವರ ಮೈ ಹೆಚ್ಚುಕಡಿಮೆ ದೊಡ್ಡವರದ್ದೇ. ಅವರ ತೊಂದರೆ ದೇಹದ್ದಲ್ಲ, ಬಟ್ಟೆಯದ್ದು. ಗೆಳೆಯರು ತೊಡದ ಟೋಪಿಯನ್ನು ಅವರೂ ತೊಡುವುದಿಲ್ಲ. ಇದಕ್ಕಾಗಿ ಮನೆಯಲ್ಲಿ ದಿನಾ ಜಗಳವಾಡುವುದಕ್ಕಿಂತ ಒಂದು ಜೊತೆ ಒಣ ಕೈಗವಸು, ಕಾಲುಚೀಲವನ್ನು ಚೀಲದಲ್ಲಿ ಇಟ್ಟುಕೊಂಡಿರಲು ಒಪ್ಪಿಸುವುದು ಮೇಲು. ಚಳಿಗಾಲ ಅವರನ್ನು ಇನ್ನೊಂದು ಕಡೆಯಿಂದ ಕಾಡಬಹುದು. ಹಗಲು ಕಿರಿದಾದ ದಿನಗಳಲ್ಲಿ ಮನಸ್ಸು ಕುಗ್ಗುವ ಸ್ಥಿತಿಯನ್ನು ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅದು ಹೆಚ್ಚಾಗಿ ಹರೆಯದ ಕೊನೆಯಲ್ಲಿ, ಯೌವನದಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಸೋಮಾರಿತನವೆಂದು ಬೈಯುವ ಮೊದಲು ಬೆಳಗಿನ ಬೆಳಕಿನಲ್ಲಿ ಅವರು ಹೊರಗಿರುವುದು ಎಷ್ಟು ಹೊತ್ತು ಎಂದು ನೋಡಬೇಕು.

ನಡುವಯಸ್ಸು: ಬಲ ಇರುವುದೇ ಅಪಾಯ

ನಡುವಯಸ್ಸಿನ ಆರೋಗ್ಯವಂತ ದೇಹದ ಸಾಮರ್ಥ್ಯ ಬೆರಗು ಹುಟ್ಟಿಸುವಂಥದ್ದು. ನಡುಕ ಜೋರಾದಾಗ ದೇಹ ಹುಟ್ಟಿಸುವ ಬಿಸಿ ವಿಶ್ರಾಂತಿಯಲ್ಲಿರುವಾಗಿನ ಸುಮಾರು ಐದು ಪಟ್ಟಿಗೆ ಏರಬಲ್ಲದು. ತಣ್ಣೀರಲ್ಲಿ ಅದ್ದಿದ ಬೆರಳಿನ ರಕ್ತನಾಳಗಳು ಮೊದಲು ಬಿಗಿದು, ಕೆಲವು ನಿಮಿಷಗಳ ಬಳಿಕ ತುಸು ಸಡಿಲಗೊಂಡು ರಕ್ತ ಬಿಟ್ಟು, ಮತ್ತೆ ಬಿಗಿಯುತ್ತವೆ. ಬೆರಳು ಪೂರ್ತಿ ಸಾಯದಿರಲಿ ಎಂದು ದೇಹ ಹೂಡುವ ಈ ಉಪಾಯವನ್ನು ಥಾಮಸ್ ಲೂಯಿಸ್ 1930ರಲ್ಲಿ ದಾಖಲಿಸಿದರು. ಕಂದು ಕೊಬ್ಬು ಶೈಶವದೊಂದಿಗೆ ಮುಗಿದುಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ದೊಡ್ಡವರಲ್ಲೂ ಕತ್ತಿನ ಬುಡದಲ್ಲಿ, ಬೆನ್ನೆಲುಬಿನ ಪಕ್ಕದಲ್ಲಿ ಅದು ಉಳಿದಿರುತ್ತದೆ, ಚಳಿಯಲ್ಲಿ ಕೆಲಸವನ್ನೂ ಮಾಡುತ್ತದೆ ಎಂದು 2009ರಲ್ಲಿ ಒಟ್ಟಿಗೆ ಬಂದ ಮೂರು ಅಧ್ಯಯನಗಳು ಖಚಿತಪಡಿಸಿದವು.

ರೂಢಿಯಾದರೆ ಚಳಿ ಕಡಿಮೆಯಾಗುತ್ತದೆ ಎಂಬ ಮಾತಿಗೂ ಆಧಾರವಿದೆ. 2013ರ ಒಂದು ಪ್ರಯೋಗದಲ್ಲಿ 17 ಮಂದಿಯನ್ನು 10 ದಿನ, ದಿನಕ್ಕೆ 6 ಗಂಟೆ, 15–16 ಡಿಗ್ರಿಯಲ್ಲಿರಿಸಿದರು. ಅವರ ಕಂದು ಕೊಬ್ಬು ಹೆಚ್ಚು ಚುರುಕಾಯಿತು, ನಡುಕ ಕಡಿಮೆಯಾಯಿತು, ಅದೇ ಕೋಣೆ ಮೊದಲಿಗಿಂತ ಬೆಚ್ಚಗಿದೆ ಎಂದು ಅವರಿಗೇ ಅನ್ನಿಸಿತು. ಒಂದೇ ಕೋಣೆಗೆ ಬೆಂಕಿಯಿದ್ದ ಮನೆಯಲ್ಲಿ ಬೆಳೆದ ಹಿಂದಿನ ತಲೆಮಾರಿಗೂ, ಮನೆಯೆಲ್ಲ ಒಂದೇ ಸಮ ಬೆಚ್ಚಗಿರುವ ಕಾಲದಲ್ಲಿ ಬೆಳೆದ ಇಂದಿನವರಿಗೂ ಚಳಿ ಬೇರೆ ಬೇರೆಯಾಗಿ ತೋರುವುದರಲ್ಲಿ ಇದರ ಪಾಲೂ ಇರಬಹುದು. ಆದರೆ ಎಳೆವಯಸ್ಸಿನಲ್ಲಿ ರೂಢಿಯಾದದ್ದು ಎಂಬತ್ತರಲ್ಲೂ ಕಾಪಾಡುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ನಾವು ನೋಡದ ಚಳಿಯೇ ಎನ್ನುವ ಹಿರಿಯರಿಗೆ ಪ್ರೀತಿಯಿಂದಲೇ ಇದನ್ನು ತಿಳಿಸಿ ಹೇಳಬೇಕು.

ನಡುವಯಸ್ಸಿನವರನ್ನು ಕೆಡಿಸುವುದು ಧೈರ್ಯ. ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆ ಎನ್ನುವುದು ಚರ್ಮದ ಮಾತು, ಒಳಗಿನದ್ದಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿರಕ್ತ ಹೊರಗೆ ಬರುತ್ತದೆ, ಹಿತವೆನಿಸುತ್ತದೆ. ಅದೇ ಹೊತ್ತಿಗೆ ಒಳಗಿನ ಬಿಸಿ ಸೋರಿಹೋಗುತ್ತಿರುತ್ತದೆ. ನಡುಕವೂ ಕಡಿಮೆಯಾಗುತ್ತದೆ, ವಿವೇಚನೆಯೂ. ಇನ್ನೊಂದು, ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುವ ಕೆಲಸ. ಚಳಿಗೆ ರಕ್ತನಾಳಗಳು ಬಿಗಿದು ರಕ್ತದೊತ್ತಡ ಮೊದಲೇ ಏರಿರುತ್ತದೆ. ಅದರ ಮೇಲೆ ಉಸಿರುಗಟ್ಟಿ ಭಾರ ಎತ್ತುವುದು. ವರ್ಷವಿಡೀ ಕುಳಿತು ಕೆಲಸ ಮಾಡುವವರು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಇದಕ್ಕಿಳಿದಾಗ ಹೃದಯಾಘಾತವಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಸ್ವಲ್ಪ ಸ್ವಲ್ಪವೇ ಎತ್ತುವುದು, ಆದಷ್ಟು ತಳ್ಳುವುದು, ಎದೆಯಲ್ಲಿ ಏನಾದರೂ ಅನ್ನಿಸಿದರೆ ಅಲ್ಲಿಗೇ ಬಿಡುವುದು.

ಮುಪ್ಪು: ಮನೆಯೊಳಗೇ ಬರುವ ಚಳಿ

ವಯಸ್ಸಾದವರ ವಿಷಯಕ್ಕೆ ಬಂದರೆ ಹೈಪೋಥರ್ಮಿಯಾ ಎಂದರೆ ಹಿಮದಲ್ಲಿ ದಾರಿ ತಪ್ಪಿದವರ ಕಾಯಿಲೆ ಎಂಬ ಕಲ್ಪನೆಯನ್ನೇ ಬಿಡಬೇಕಾಗುತ್ತದೆ. ಅದು ಮನೆಯೊಳಗೆ, ಕುರ್ಚಿಯಲ್ಲಿ, ಹಾಸಿಗೆಯಲ್ಲಿ, ಗಂಟೆಗಟ್ಟಲೆ, ದಿನಗಟ್ಟಲೆ ನಿಧಾನವಾಗಿ ಬರುತ್ತದೆ. ಸ್ನಾಯುಗಳು ಸೊರಗಿರುತ್ತವೆ, ಆದ್ದರಿಂದ ನಡುಗಿದರೂ ಹುಟ್ಟುವ ಬಿಸಿ ಕಡಿಮೆ. ಚರ್ಮದ ರಕ್ತನಾಳಗಳು ಮೊದಲಿನಷ್ಟು ಚುರುಕಾಗಿ ಬಿಗಿಯುವುದಿಲ್ಲ. ಕಂದು ಕೊಬ್ಬು ಬಹುತೇಕ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಷ್ಣತೆಯ ಸಣ್ಣ ಏರಿಳಿತವನ್ನು ಗುರುತಿಸುವ ಶಕ್ತಿ ಮಂದವಾಗಿರುತ್ತದೆ. ಎದ್ದು ಬೆಚ್ಚಗಿರುವ ಕಡೆ ಹೋಗಬೇಕು ಎಂಬ ಎಣಿಕೆಯೇ ಹುಟ್ಟುವುದಿಲ್ಲ.

ಇದಕ್ಕೆ ಕಾಯಿಲೆಗಳೂ ಮದ್ದುಗಳೂ ಕೂಡಿಕೊಳ್ಳುತ್ತವೆ. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ದೇಹ ಹುಟ್ಟಿಸುವ ಬಿಸಿಯೇ ಕಡಿಮೆ. ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಕೆಟ್ಟಿದ್ದರೆ ಪಾದ ತಣ್ಣಗಾದದ್ದೂ ತಿಳಿಯದು, ಬಿಸಿನೀರಿನ ಚೀಲ ಸುಡುತ್ತಿರುವುದೂ ತಿಳಿಯದು. ನಿದ್ದೆಗುಳಿಗೆಗಳು, ಮನೋರೋಗಕ್ಕೆ ಕೊಡುವ ಕೆಲವು ಮದ್ದುಗಳು, ಬಿಪಿಗೆ ಕೊಡುವ ಬೀಟಾ ಬ್ಲಾಕರ್‌ಗಳು ದೇಹದ ಚಳಿ ತಡೆಯುವ ವ್ಯವಸ್ಥೆಯಲ್ಲಿ ಒಂದಲ್ಲ ಒಂದು ಕಡೆ ಅಡ್ಡಬರುತ್ತವೆ. ಮರೆವಿನ ಕಾಯಿಲೆ ಇರುವವರು ಚಳಿಯಲ್ಲಿ ಬಟ್ಟೆ ತೊಡುವುದನ್ನೇ ಮರೆಯಬಹುದು. ಗುಳಿಗೆಗಳನ್ನು ತಾವಾಗಿ ನಿಲ್ಲಿಸಬಾರದು. ಚಳಿಗಾಲಕ್ಕೆ ಮುಂಚೆ ಒಮ್ಮೆ ವೈದ್ಯರಿಗೆ ಎಲ್ಲ ಮದ್ದುಗಳ ಪಟ್ಟಿ ತೋರಿಸಿ ಕೇಳುವುದು ಒಳ್ಳೆಯದು.

ಆದರೂ ಹೈಪೋಥರ್ಮಿಯಾ ಹಿರಿಯರನ್ನು ಕೊಲ್ಲುವ ಮುಖ್ಯ ದಾರಿಯಲ್ಲ. ಚಳಿಗಾಲದಲ್ಲಿ ಹೆಚ್ಚಾಗುವ ಸಾವುಗಳಲ್ಲಿ ಬಹುಪಾಲು ಹೃದಯಾಘಾತ, ಪಾರ್ಶ್ವವಾಯು ಮತ್ತು ಶ್ವಾಸಕೋಶದ ಸೋಂಕಿನಿಂದ. ಇದು ಹೇಗೆ? ಚರ್ಮದ ನಾಳಗಳು ಬಿಗಿದಾಗ ಒಳಗೆ ರಕ್ತ ಹೆಚ್ಚಾದಂತಾಗುತ್ತದೆ. ಹೆಚ್ಚಾಯಿತೆಂದು ಮೂತ್ರಪಿಂಡಗಳು ನೀರನ್ನು ಹೊರಹಾಕುತ್ತವೆ. ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದಕ್ಕೇ. ಉಳಿದ ರಕ್ತ ಮಂದವಾಗುತ್ತದೆ. ವಿಲಿಯಂ ಕೀಟಿಂಜ್ ಮತ್ತು ಸಂಗಡಿಗರು 1984ರಲ್ಲಿ ಆರೋಗ್ಯವಂತರನ್ನು ಆರು ಗಂಟೆ ಬೀಸುಗಾಳಿಯಲ್ಲಿ ಕೂರಿಸಿ ಹದವಾಗಿ ತಣ್ಣಗಾಗಿಸಿದಾಗ ರಕ್ತದ ಸ್ನಿಗ್ಧತೆ 21% ಏರಿತು, ಪ್ಲೇಟ್‌ಲೆಟ್‌ಗಳೂ ಹೆಚ್ಚಾದವು, ರಕ್ತದೊತ್ತಡವೂ ಏರಿತು. ಗಟ್ಟಿಯಾದ ರಕ್ತ, ಮುಪ್ಪಿನಿಂದ ಕಿರಿದಾದ ನಾಳ, ಹೆಚ್ಚಿದ ಒತ್ತಡ: ಈ ಮೂರೂ ಕೂಡಿದಲ್ಲಿ ಹೆಪ್ಪು ಕಟ್ಟುತ್ತದೆ. ಅದಕ್ಕೆ ಹಿಮಪಾತವೇ ಬೇಕಿಲ್ಲ, ತಣ್ಣನೆಯ ಮಲಗುವ ಕೋಣೆ ಸಾಕು.

2015ರಲ್ಲಿ ಆಂಟೋನಿಯೋ ಗ್ಯಾಸ್ಪರೀನಿ ಮತ್ತು ಸಂಗಡಿಗರು 13 ದೇಶಗಳ 7.4 ಕೋಟಿಗೂ ಹೆಚ್ಚು ಸಾವುಗಳ ದಾಖಲೆಯನ್ನು ಪರಿಶೀಲಿಸಿದರು. ಒಟ್ಟು ಸಾವುಗಳಲ್ಲಿ ಶೇ 7.3ರಷ್ಟಕ್ಕೆ ಚಳಿ ಕಾರಣವಾಗಿತ್ತು, ಸೆಕೆ ಕಾರಣವಾದದ್ದು ಶೇ 0.4ಕ್ಕೆ. ಚಳಿಯ ಪಾಲಿನಲ್ಲೂ ಬಹುಭಾಗ ಸುದ್ದಿಯಾಗುವಂಥ ಭೀಕರ ದಿನಗಳದ್ದಲ್ಲ, ಸಾಧಾರಣ ಚಳಿಯ ದಿನಗಳದ್ದು. ಇನ್ನೂ ವಿಚಿತ್ರವೆಂದರೆ ಚಳಿಗಾಲದಲ್ಲಿ ಸಾವು ಏರುವ ಪ್ರಮಾಣ ಫಿನ್ಲೆಂಡ್‌ನಂಥ ಹೆಪ್ಪುಗಟ್ಟುವ ದೇಶಗಳಿಗಿಂತ ಪೋರ್ಚುಗಲ್, ಸ್ಪೇನ್‌ನಂಥ ಸೌಮ್ಯ ಚಳಿಯ ದೇಶಗಳಲ್ಲೇ ಹೆಚ್ಚು. ಕಾರಣ 1997ರ ಯೂರೋವಿಂಟರ್ ಅಧ್ಯಯನದಲ್ಲಿದೆ. ಹೊರಗೆ 7 ಡಿಗ್ರಿ ಇರುವ ದಿನ ಅಥೆನ್ಸ್‌ನ ಮನೆಗಳ ಒಳಗೆ ಸರಾಸರಿ 19.2 ಡಿಗ್ರಿ, ದಕ್ಷಿಣ ಫಿನ್ಲೆಂಡ್‌ನಲ್ಲಿ 21.7. ಅದೇ 7 ಡಿಗ್ರಿಯಲ್ಲಿ ಹೊರಗೆ ಹೊರಟಾಗ ಟೋಪಿ ತೊಟ್ಟವರು ಅಥೆನ್ಸ್‌ನಲ್ಲಿ ಶೇ 13, ಫಿನ್ಲೆಂಡ್‌ನಲ್ಲಿ ಶೇ 72. ಚಳಿಗೆ ಹೆದರುವವರು ಬದುಕುತ್ತಾರೆ. ಇದೇನು ಮಹಾ ಚಳಿ ಎಂದವರಿಗೆ ಪೆಟ್ಟು ಬೀಳುತ್ತದೆ. ಈ ಅಂಕಿಅಂಶಗಳನ್ನು ಓದಿದ ಮೇಲೆ ಹಿರಿಯರಿರುವ ಮನೆಯ ಚಳಿಯನ್ನು ಅಂದಾಜಿನ ಮೇಲೆ ಬಿಡಲು ನನಗಂತೂ ಮನಸ್ಸು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಹೇಳಿತು. ವೃದ್ಧರು, ಎಳೆಯ ಮಕ್ಕಳು, ಕಾಯಿಲೆಯವರು ಇರುವಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. ಕೋಣೆಯ ಗೋಡೆಗೊಂದು ಅಗ್ಗದ ಥರ್ಮಾಮೀಟರ್ ತೂಗುಹಾಕಿದರೆ ವಾದವೇ ಉಳಿಯುವುದಿಲ್ಲ. ಅದು ಅಜ್ಜ–ಅಜ್ಜಿ ಕೂರುವ, ಮಲಗುವ ಕೋಣೆಯಲ್ಲಿರಬೇಕು, ಹೀಟರ್ ಪಕ್ಕದಲ್ಲಲ್ಲ. ದೂರದಲ್ಲಿರುವ ಅಮ್ಮನಿಗೆ ಫೋನ್ ಮಾಡಿದಾಗ ಚಳಿಯಾಗ್ತಿದೆಯಾ ಎಂದು ಕೇಳುವುದರ ಜೊತೆಗೆ, ಗೋಡೆ ಮೇಲಿನ ಥರ್ಮಾಮೀಟರ್ ಎಷ್ಟು ತೋರಿಸ್ತಿದೆ ನೋಡಮ್ಮ ಎಂದೂ ಕೇಳಬೇಕು. ಮಾತು ತೊದಲುತ್ತಿದೆಯೇ, ಮಾತು ನಿಧಾನವಾಗಿದೆಯೇ, ಗೊಂದಲವಿದೆಯೇ ಎಂದು ಆ ಹೊತ್ತಲ್ಲೇ ಗಮನಿಸಬಹುದು. ವಯಸ್ಸಾಯಿತು, ಹಾಗೇ ಎಂದು ತಳ್ಳಿಹಾಕುವ ಲಕ್ಷಣಗಳೇ ಹೈಪೋಥರ್ಮಿಯಾದ ಮೊದಲ ಲಕ್ಷಣಗಳೂ ಹೌದು.

ತಲೆಮಾರಿನಿಂದ ತಲೆಮಾರಿಗೆ ಬಂದ ಮಾತು

ಪದರ ಪದರವಾಗಿ ತೊಡಿ, ಒದ್ದೆಯಾದದ್ದನ್ನು ಕೂಡಲೇ ಬಿಚ್ಚಿ, ಮಗುವನ್ನು ಮೈಗೆ ಅಪ್ಪಿಕೊಂಡಿರಿ ಎಂಬ ಹಿರಿಯರ ಮಾತುಗಳನ್ನು ವಿಜ್ಞಾನ ಪೂರ್ತಿ ಎತ್ತಿಹಿಡಿದಿದೆ. ಎಲ್ಲವೂ ಹಾಗೆ ಉಳಿದಿಲ್ಲ. ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜುವ ಪದ್ಧತಿಗೆ 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟಿದ ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆಯ ಸಲಹೆಯ ಬಲವಿತ್ತು. ಸೈನಿಕರು ಹೆಪ್ಪುಗಟ್ಟಿದ ಕೈಕಾಲನ್ನು ನೇರ ಬೆಂಕಿಗೆ ಹಿಡಿದು ಸುಟ್ಟುಕೊಳ್ಳುವುದನ್ನು ಕಂಡು ಅವನು ಹಾಗೆ ಹೇಳಿದ್ದ. ಅವನ ಭಯ ಸರಿ, ಮದ್ದು ತಪ್ಪು. ಉಜ್ಜಿದರೆ ಒಳಗಿನ ಹಿಮದ ಹರಳುಗಳು ಅಂಗಾಂಶವನ್ನು ಇನ್ನಷ್ಟು ಹಾಳುಮಾಡುತ್ತವೆ. ಆದರೂ ಆ ಸಲಹೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು. ಇಂದಿನ ರೀತಿ 37ರಿಂದ 39 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅದ್ದಿಡುವುದು, ಅದೂ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇಲ್ಲದ ಜಾಗ ಸೇರಿದ ಮೇಲೆ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು.

ಮೈಬಿಸಿಯ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತು ದೊಡ್ಡವರ ಮಟ್ಟಿಗೆ ಸುಳ್ಳು. ಅವರ ತಲೆ ಮೈಯ ವಿಸ್ತಾರದಲ್ಲಿ ಹತ್ತನೇ ಒಂದು ಭಾಗದಷ್ಟಿದೆ, ಹೋಗುವ ಬಿಸಿಯೂ ಸರಿಸುಮಾರು ಅಷ್ಟೇ. ಹಸುಗೂಸಿನ ತಲೆ ಮೈಯ ಐದನೇ ಒಂದು ಭಾಗ. ಹಾಗಾಗಿ ಚಳಿಯಲ್ಲಿ ಹೊರಗೆ ಕರೆದೊಯ್ಯುವಾಗ ಅದಕ್ಕೆ ಕುಲಾವಿ ಬೇಕೇ ಬೇಕು.

ಕೊನೆಯದಾಗಿ, ವಿದ್ಯುತ್ ಹೋದ ರಾತ್ರಿ

ಕಠಿಣ ಚಳಿಯಲ್ಲಿ ವಿದ್ಯುತ್ ಕೈಕೊಟ್ಟರೆ ಎಲ್ಲ ವಯಸ್ಸಿನವರೂ ಒಂದೇ ಕೋಣೆಗೆ ಬರಬೇಕು, ಚಿಕ್ಕ ಕೋಣೆಯಾದರೆ ಒಳ್ಳೆಯದು. ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕಿಟಕಿಗೆ ಕಂಬಳಿ ಕಟ್ಟಬೇಕು. ಆದರೆ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ, ಜನರೇಟರನ್ನಾಗಲಿ ಒಳಗೆ ತರಬಾರದು. ಅವು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ಓಕರಿಕೆ, ತೂಕಡಿಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ಶುರುವಾದರೆ ಎಲ್ಲರೂ ಕೂಡಲೇ ಹೊರಗೆ ಬರಬೇಕು, ಚಳಿಯಿದ್ದರೂ ಸರಿ.

ಯಾರಾದರೂ ನಡುಗುವುದು ನಿಲ್ಲಿಸಿ, ತೊದಲುತ್ತ, ಎಡವುತ್ತಿದ್ದರೆ ಅದು ತುರ್ತುಸ್ಥಿತಿ. ಅಂಥವರು ಕೆಲವೊಮ್ಮೆ ಸೆಕೆ ಎಂದು ಬಟ್ಟೆ ಕಿತ್ತೆಸೆಯುವುದೂ ಉಂಟು. ಆಂಬ್ಯುಲೆನ್ಸ್ ಕರೆಸಿ. ಅಲುಗಾಡಿಸದೆ ಮೆಲ್ಲನೆ ಮಲಗಿಸಿ, ಏಕೆಂದರೆ ತಣ್ಣಗಾದ ಹೃದಯ ಸಣ್ಣ ಕುಲುಕಿಗೂ ಲಯ ತಪ್ಪಬಹುದು. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಹಾಕಿ, ಕೆಳಗೂ ಹಾಸಿ. ಎದೆ, ಕಂಕುಳು, ಕತ್ತನ್ನು ಮೊದಲು ಬೆಚ್ಚಗಾಗಿಸಿ, ಕೈಕಾಲು ತಿಕ್ಕಬೇಡಿ. ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಾದರೆ ಮಾತ್ರ ಬೆಚ್ಚನೆಯ ಸಿಹಿ ಪಾನೀಯ ಕೊಡಿ.

ನಾಡಿ ಸಿಗದಿದ್ದರೂ ಸತ್ತರೆಂದು ತೀರ್ಮಾನಿಸಬೇಡಿ. 1999ರಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ 29 ವರ್ಷದ ವೈದ್ಯೆ ಆ್ಯನಾ ಬೋಗೆನ್‌ಹೋಮ್ ಹೊಳೆಯ ಮಂಜುಗಡ್ಡೆಯ ಕೆಳಗೆ ಸಿಕ್ಕಿ 80 ನಿಮಿಷ ಅಲ್ಲೇ ಇದ್ದರು. ಆಸ್ಪತ್ರೆಗೆ ತಂದಾಗ ಅವರ ಮೈಯ ಉಷ್ಣತೆ 13.7 ಡಿಗ್ರಿ, ಹೃದಯ ನಿಂತಿತ್ತು. ಟ್ರೋಮ್ಸೊ ನಗರದ ವೈದ್ಯರು ಯಂತ್ರದ ಮೂಲಕ ರಕ್ತವನ್ನು ಹೊರಗೆ ಹರಿಸಿ ಬೆಚ್ಚಗಾಗಿಸಿದರು. ಅವರು ಬದುಕಿದರು, ಮತ್ತೆ ವೈದ್ಯವೃತ್ತಿಗೂ ಮರಳಿದರು. ಅಷ್ಟು ತಣ್ಣಗಾದ ಮಿದುಳಿಗೆ ಬೇಕಾಗುವ ಆಮ್ಲಜನಕ ತೀರ ಕಡಿಮೆ. ತಣ್ಣಗಾದವರ ನಾಡಿಯನ್ನೂ ಉಸಿರನ್ನೂ ಒಂದು ನಿಮಿಷದವರೆಗೆ ಹುಡುಕಿ. ಸಿಗದಿದ್ದರೆ ಎದೆ ಒತ್ತಲು ಶುರುಮಾಡಿ, ನುರಿತವರು ಬಂದು ಕೈಗೆತ್ತಿಕೊಳ್ಳುವವರೆಗೂ ನಿಲ್ಲಿಸಬೇಡಿ.